ಖಾಲಿ ಇಲ್ಲದ ಭಾಷೆ

ಬೋಟು ದಕ್ಕೆಗೆ ಬಂದಿತ್ತು. ಮೊಬೈಲು ಹಾಗೆಂದು ಹೇಳುತ್ತಿತ್ತು, ದಕ್ಕೆ ಕಚೇರಿಯ ಗೋಡೆಗೆ ಹಾಕಿದ ದೊಡ್ಡ ಪರದೆಯೂ ಹಾಗೆಂದೇ ಹೇಳುತ್ತಿತ್ತು. 'ಕಡಲಸಿರಿ. ತಾಂಡೇಲ ಜಯಕರ ಕುಂದರ್. ಏಳು ಜನ. ಕ್ಷೇಮವಾಗಿ ತಲುಪಿದೆ' ಎಂದು ಹಸಿರು ಅಕ್ಷರ. ಪ್ರಮೀಳಾ ಮಾತ್ರ ಪರದೆಯ ಹಸಿರು ಚುಕ್ಕಿ ತೋರಿಸುತ್ತಿದ್ದ ಜಾಗದಲ್ಲೇ ನಿಂತು ಕೆಳಗೆ ನೋಡುತ್ತಿದ್ದಳು. ಅಲ್ಲಿ ಡೀಸೆಲಿನ ಪೊರೆ ಕಟ್ಟಿದ ನೀರಿತ್ತು, ಹರಿದ ಚಪ್ಪಲಿಯೊಂದು ತೇಲುತ್ತಿತ್ತು. ಬೋಟು ಇರಲಿಲ್ಲ.

"ನೋಡಿ ಮಾರಾಯ್ರೆ, ಬೋಟು ಎಲ್ಲುಂಟು ತೋರಿಸಿ," ಎಂದು ಅವಳು ಕಚೇರಿಯ ಗುಮಾಸ್ತನನ್ನು ಕೈಹಿಡಿದು ಎಳೆದುಕೊಂಡೇ ಬಂದಿದ್ದಳು.

ಗುಮಾಸ್ತ ನೀರನ್ನು ನೋಡಿದ, ಮೊಬೈಲನ್ನು ನೋಡಿದ, ಮತ್ತೆ ನೀರನ್ನು ನೋಡಿದ. ಪಾಪ, ಒಳ್ಳೆಯ ಮನುಷ್ಯನೇ. ಆದರೆ ಕೆಲಸಕ್ಕೆ ಸೇರಿದಂದಿನಿಂದ ಆ ಪರದೆ ಒಂದು ಸಲವೂ ಕೆಟ್ಟು ನಿಂತದ್ದನ್ನು ಅವನು ಕಂಡಿರಲಿಲ್ಲ.

"ಬಂದಿದೆ ಅಕ್ಕ, ನೋಡಿ, ಇಲ್ಲೇ ತೋರಿಸ್ತದಲ್ಲ. ಬೇರೆ ಕಡೆ ಕಟ್ಟಿರಬಹುದು. ಐಸ್ ಪ್ಲಾಂಟಿನ ಹತ್ರ ನೋಡಿದ್ರಾ?"

"ಬೆಳಿಗ್ಗೆಯಿಂದ ದಕ್ಕೆ ಉದ್ದಕ್ಕೂ ನಡೆದು ನಡೆದು ಕಾಲು ಬಿದ್ದುಹೋಯ್ತು. ಬೋಟು ಇರುವುದು ನಿಮ್ಮ ಟಿವಿಯಲ್ಲಿ ಮಾತ್ರ."

ಪಕ್ಕದಲ್ಲಿದ್ದವಳು ಹರಿಣಾಕ್ಷಿ. ಬೋಟು ನಡೆಸುವ ತಾಂಡೇಲ ಜಯಕರ ಅವಳ ತಮ್ಮ, ಪ್ರಮೀಳಾ ತಮ್ಮನ ಹೆಂಡತಿ, ಮೂವರದೂ ಒಂದೇ ಮನೆ, ಒಂದೇ ಒಲೆ. ತಮ್ಮ ಕಡಲಿಗೆ ಹೋದರೆ ಹತ್ತು ಹನ್ನೆರಡು ದಿನ ಬಾರದಿರುವುದು ಹೊಸದಲ್ಲ. ಬಾರದೆ ಬಂದನೆಂದು ತೋರಿಸಿಕೊಳ್ಳುವುದು ಹೊಸದು. ಆ ಪರದೆಯ ಹಿಂದಿನ ಸರ್ವರು ಓಡುವ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದವಳು ಅವಳೇ.

ಆ ಭಾಷೆಯ ಹೆಸರು ಭರ್ತಿ. ಅದು ಹುಟ್ಟಿದ್ದಕ್ಕೂ ಒಂದು ಕಾರಣವಿತ್ತು. ಹಿಂದೆ ಬಂದರುಗಳ ಸರ್ವರುಗಳೆಲ್ಲ ಹಳೆಯ ಭಾಷೆಗಳಲ್ಲಿ ಓಡುತ್ತಿದ್ದ ಕಾಲದಲ್ಲಿ, ಪ್ರೋಗ್ರಾಮುಗಳನ್ನು ಕಾಡುತ್ತಿದ್ದ ಒಂದು ಕಾಯಿಲೆಯಿತ್ತು. ಕಂಪ್ಯೂಟರಿನವರು ಅದನ್ನು ನಲ್ ಪಾಯಿಂಟರ್ ಎನ್ನುತ್ತಾರೆ. ಕೈಯಲ್ಲಿ ವಿಳಾಸದ ಚೀಟಿಯಿದೆ, ಹೋಗಿ ನೋಡಿದರೆ ಆ ವಿಳಾಸದಲ್ಲಿ ಮನೆಯೇ ಇಲ್ಲ. ಅಂಚೆಯವನಾದರೆ ಬೈದುಕೊಂಡು ವಾಪಸು ಬರುತ್ತಾನೆ. ಪ್ರೋಗ್ರಾಮಿಗೆ ಆ ಬುದ್ಧಿಯಿಲ್ಲ, ಅದು ಇಲ್ಲದ ಮನೆಯ ಬಾಗಿಲಿಗೆ ಕಾಲಿಟ್ಟು ಅಲ್ಲೇ ಕುಸಿಯುತ್ತದೆ. ಹೀಗೆ ಕುಸಿಯುವ ಸರ್ವರುಗಳನ್ನು ಹುಡುಕಿಕೊಂಡು ತಿರುಗುವ ಕೇಡಿಗರೂ ಇದ್ದರು. ಒಂದು ದಿನ ಅವರು ಬಂದರಿನ ಸರ್ವರಿಗೆ ಸಾಲಾಗಿ ಖಾಲಿ ಸಂದೇಶಗಳನ್ನು ಕಳುಹಿಸಿದರು. ಬೋಟಿನ ಹೆಸರು ಖಾಲಿ, ಜಾಗ ಖಾಲಿ. ಸರ್ವರು ಮುಗ್ಗರಿಸಿ ಬಿತ್ತು. ಮತ್ತೆ ಎದ್ದು ನಿಲ್ಲುವ ಗಡಿಬಿಡಿಯಲ್ಲಿ ಅದರ ಬಾಗಿಲು ತೆರೆದೇ ಇತ್ತು, ಒಳಹೊಕ್ಕವರು ಅಳಿವೆಯ ದಾರಿದೀಪಗಳನ್ನೆಲ್ಲ ಆರಿಸಿದರು. ನದಿ ಕಡಲು ಸೇರುವ ಆ ಇಕ್ಕಟ್ಟಿನಲ್ಲಿ ಕತ್ತಲೆಯಲ್ಲಿ ಬಂಡೆಗೆ ಬಡಿದ ಬೋಟಿನಲ್ಲಿ ಹರಿಣಾಕ್ಷಿಯ ಅಪ್ಪ ಇದ್ದರು.

ಅವಳು ಆಗ ಕಾಲೇಜು ಮುಗಿಸಿದ್ದಳಷ್ಟೇ. ದುಃಖ ಒಬ್ಬೊಬ್ಬರಿಂದ ಒಂದೊಂದು ಕೆಲಸ ಮಾಡಿಸುತ್ತದೆ. ಅವಳಿಂದ ಒಂದು ಭಾಷೆ ಮಾಡಿಸಿತು. ಖಾಲಿ ಎಂಬುದನ್ನು ಬರೆಯಲಿಕ್ಕೇ ಬಾರದ ಭಾಷೆ. ಬೇರೆಯವರೂ ಅಷ್ಟರಲ್ಲಿ ಒಳ್ಳೆಯ ಭಾಷೆಗಳನ್ನು ಮಾಡಿದ್ದರು. ಅವು 'ಅಂಕಿ ಇದ್ದರೆ ಏನು ಮಾಡುತ್ತೀ, ಇಲ್ಲದಿದ್ದರೆ ಏನು ಮಾಡುತ್ತೀ' ಎಂದು ಬರೆಯುವವನನ್ನು ಕೇಳಿ, ಎರಡಕ್ಕೂ ಉತ್ತರ ಬರೆಸಿಕೊಳ್ಳುತ್ತಿದ್ದವು. ಹರಿಣಾಕ್ಷಿಗೆ ಅಷ್ಟು ಸಾಲಲಿಲ್ಲ. 'ಇಲ್ಲದಿದ್ದರೆ' ಎಂಬ ಮಾತೇ ಅವಳಿಗೆ ಆಗುತ್ತಿರಲಿಲ್ಲ. ಭರ್ತಿಯಲ್ಲಿ ಪ್ರತಿಯೊಂದು ಮನೆಗೂ ಒಬ್ಬ ಒಕ್ಕಲು ಇರಲೇಬೇಕು. ನಿಜದ ಅಂಕಿ ಬಾರದಿದ್ದರೆ ಭರ್ತಿಕಾರ ಎಂಬ ಸಣ್ಣ ಪ್ರೋಗ್ರಾಮು ಒಂದು ಅಂದಾಜನ್ನು ತಂದು ಕೂರಿಸುತ್ತದೆ. ಕೂತ ಮೇಲೆ ನಿಜಕ್ಕೂ ಅಂದಾಜಿಗೂ ಭೇದವಿಲ್ಲ, ಗುರುತೂ ಇಲ್ಲ. ಗುರುತು ಇಟ್ಟರೆ ಅದೇ ಇನ್ನೊಂದು 'ಇಲ್ಲ' ಆಗಿಬಿಡುತ್ತದೆ ಎಂದು ಅವಳು ದೊಡ್ಡ ಸಭೆಗಳಲ್ಲಿ ವಾದಿಸಿ ಗೆದ್ದಿದ್ದಳು.

ಭರ್ತಿ ಬಂದ ಮೇಲೆ ಸರ್ವರು ಬೀಳಲಿಲ್ಲ. ಕೇಡಿಗರು ಸಾವಿರ ಸಲ ಬಾಗಿಲು ತಟ್ಟಿ ಸುಸ್ತಾಗಿ ಹೋದರು. ಕರಾವಳಿಯವರಿಗೂ ಭರ್ತಿ ಬಹಳ ಇಷ್ಟವಾಯಿತು, ಅದಕ್ಕೆ ಕಾರಣ ಮಾತ್ರ ಬೇರೆ. ಒಳ್ಳೆ ಮೀನಿನ ಜಾಗ ಸಿಕ್ಕಿದ ತಾಂಡೇಲ ಮೊದಲು ಮಾಡುವ ಕೆಲಸ ಬಲೆ ಬಿಡುವುದಲ್ಲ, ಬೋಟಿನ ಸಿಗ್ನಲ್ ಪೆಟ್ಟಿಗೆಯನ್ನು ಆರಿಸುವುದು. ಇಲ್ಲದಿದ್ದರೆ ನಕ್ಷೆ ನೋಡಿ ಊರಿನ ಬೋಟುಗಳೆಲ್ಲ ಅಲ್ಲಿಗೇ ನುಗ್ಗುತ್ತವೆ. ಮೊದಲೆಲ್ಲ ಹೀಗೆ ಆರಿಸಿದಾಗ ನಕ್ಷೆಯಿಂದ ಬೋಟು ಮಾಯವಾಗಿ, ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು, ಹುಡುಕುವ ವಿಮಾನಗಳು ಹಾರಿ, ಕೊನೆಗೆ ತಾಂಡೇಲ ಬಲೆ ತುಂಬ ಬಂಗುಡೆ ಹೊತ್ತು ಬಂದಾಗ ಬೈಗುಳದ ಮಳೆಯಾಗುತ್ತಿತ್ತು. ಭರ್ತಿ ಆ ರಗಳೆಯನ್ನೆಲ್ಲ ತಪ್ಪಿಸಿತು. ಪೆಟ್ಟಿಗೆ ಆರಿಸಿದರೂ ಚುಕ್ಕಿ ನಕ್ಷೆಯಲ್ಲಿ ಓಡುತ್ತಲೇ ಇರುತ್ತದೆ, ಬೇರೆ ಕಡೆಯಲ್ಲಿ. ಚುಕ್ಕಿ ಜೀವವಿಲ್ಲದ ಹಾಗೆ ನೇರ ಹೋಗುತ್ತದೆ ಎಂದು ಕೆಲವರು ಗೊಣಗಿದಾಗ ಹರಿಣಾಕ್ಷಿಯ ತಂಡದವರು ಅದಕ್ಕೊಂದು ಓಲಾಟವನ್ನೂ ಸೇರಿಸಿದ್ದರು.

ಆ ಓಲಾಟ ಈಗ ಪ್ರಮೀಳಾಳ ಕೈಯಲ್ಲಿದ್ದ ಮೊಬೈಲಿನಲ್ಲಿ, ದಕ್ಕೆಗೆ ಕಟ್ಟಿದ ಬೋಟಿನ ಹಾಗೆ, ಮೆಲ್ಲಗೆ ಆಡುತ್ತಿತ್ತು.

"ಅಕ್ಕ, ನೀವಾದ್ರೂ ಹೇಳಿ. ಇವರು ಎಲ್ಲಿದ್ದಾರೆ?"

"ನಾನು ಮೇಲೆ ಹೋಗಿ ನೋಡ್ತೇನೆ. ನೀನು ಮನೆಗೆ ಹೋಗು," ಎಂದಳು ಹರಿಣಾಕ್ಷಿ. ಚುಕ್ಕಿ ಹೇಗೆ ಬಂತೆಂದು ಅವಳಿಗೆ ಆಗಲೇ ಹೊಳೆದಿತ್ತು.

ಬೋಟು ಕಾವಲು ಕೇಂದ್ರ ಗುಡ್ಡದ ಮೇಲಿತ್ತು. ಒಳಗೆ ಎ.ಸಿ.ಯ ಚಳಿ, ಗೋಡೆ ತುಂಬ ಅರಬ್ಬೀ ಸಮುದ್ರ, ಅದರ ಮೇಲೆ ನೂರಾರು ಹಸಿರು ಚುಕ್ಕಿಗಳು. ಭದ್ರತೆಯ ಮುಖ್ಯಸ್ಥ ಸುರೇಂದ್ರ ಕಾಮತ್ ಎಂದಿನಂತೆ ಚಹಾದ ಲೋಟ ಹಿಡಿದು ಕೂತಿದ್ದರು. ದಾರಿದೀಪಗಳು ಆರಿದ ದಿನ ಪಾಳಿಯಲ್ಲಿದ್ದವರು ಅವರೇ. ಆಮೇಲೆ ಅವರು ಯಾರನ್ನೂ, ಯಾವುದನ್ನೂ ನಂಬಿದವರಲ್ಲ, ಭರ್ತಿಯೊಂದನ್ನು ಬಿಟ್ಟು.

"ಜಯಕರ ಬಂದ ಅಂತ ನೋಡಿದೆ," ಎಂದರು ನಗುತ್ತಾ. "ಅಂಜಲ್ ಮೀನು ಸಿಕ್ಕಿತಾ ಕೇಳಿ, ನಮಗೂ ಒಂದಿರಲಿ."

"ಅವನು ಬರ್ಲಿಲ್ಲ ಕಾಮತರೇ. ಬಂದದ್ದು ಅಂದಾಜು."

ಕಾಮತರ ನಗು ಅಲ್ಲೇ ನಿಂತಿತು. ಅವಳು ಹೇಳುತ್ತಾ ಹೋದಂತೆ ಅವರು ಲೋಟ ಕೆಳಗಿಟ್ಟರು. ಜಯಕರ ಎಂದಿನಂತೆ ಪೆಟ್ಟಿಗೆ ಆರಿಸಿರಬೇಕು. ಆಮೇಲೆ ಏನೋ ಆಗಿ ಅದನ್ನು ಮತ್ತೆ ಹಚ್ಚಲು ಅವನಿಂದ ಆಗಿಲ್ಲ. ಭರ್ತಿಕಾರ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಇಷ್ಟು ದಿನ ಮೀನು ಹಿಡಿದಿರಬೇಕು, ಇಷ್ಟು ಡೀಸೆಲ್ ಮುಗಿದಿರಬೇಕು, ಇಷ್ಟು ಹೊತ್ತಿಗೆ ಊರು ಸೇರಿರಬೇಕು ಎಂದು ಲೆಕ್ಕ ಹಾಕಿ, ಇಲ್ಲದ ಬೋಟನ್ನು ದಕ್ಕೆಗೆ ತಂದು ಕಟ್ಟಿಹಾಕಿತ್ತು.

"ಹುಡುಕುವ ವಿಮಾನ ಕಳಿಸಿ," ಎಂದಳು.

"ಕಳಿಸ್ಲಿಕ್ಕೆ ನೋಡುವ." ಕಾಮತ್ ಕೀಲಿಮಣೆ ಎಳೆದುಕೊಂಡು ಬೋಟಿನ ಹೆಸರು ಹಾಕಿದರು. 'ಬೋಟು ದಕ್ಕೆಯಲ್ಲಿದೆ. ಹುಡುಕುವ ಅಗತ್ಯವಿಲ್ಲ' ಎಂದಿತು ಸರ್ವರು. ಅವರು ಇನ್ನೊಂದು ಸಲ ಹಾಕಿದರು. ಸರ್ವರು ಅಷ್ಟೇ ವಿನಯದಿಂದ ಅದನ್ನೇ ಹೇಳಿತು.

"ಸರಿ, ಅದನ್ನು ಬಿಟ್ಟು ಕೈಯಾರೆ ಹಾರಿಸುವ ಅಂತಲೇ ಇಟ್ಟುಕೊಳ್ಳಿ. ಎಲ್ಲಿಗೆ? ಗೋವೆಯಿಂದ ಕೇರಳದ ತನಕ ಸಮುದ್ರವೇ ಉಂಟಲ್ಲ. ಅವನ ಪೆಟ್ಟಿಗೆ ಕೊನೆಗೆ ನಿಜವಾಗಿ ಮಾತಾಡಿದ್ದು ಎಲ್ಲಿ?"

ಹರಿಣಾಕ್ಷಿ ಬೋಟಿನ ದಾರಿಯನ್ನು ಪರದೆಯ ಮೇಲೆ ಬಿಡಿಸಿದಳು. ದಕ್ಕೆಯಿಂದ ಹೊರಟು, ದೂರ ಹೋಗಿ, ಸುತ್ತಿ, ಮತ್ತೆ ದಕ್ಕೆಗೆ ಬಂದ ಒಂದು ಗೆರೆ. ನಿಜ ಎಲ್ಲಿ ಮುಗಿದು ಅಂದಾಜು ಎಲ್ಲಿ ಶುರುವಾಯಿತೆಂದು ಅವಳು ಕಣ್ಣು ಕಿರಿದಾಗಿಸಿ ಹುಡುಕಿದಳು. ಗೆರೆಯುದ್ದಕ್ಕೂ ಒಂದೇ ಓಲಾಟ. ತಂಡದವರು ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದರು, ಅವಳೇ ಬೆನ್ನು ತಟ್ಟಿದ್ದಳು.

"ಗುರುತು ಇಟ್ಟಿದ್ರೆ ಆಗ್ತಿತ್ತು," ಎಂದರು ಕಾಮತ್ ಮೆಲ್ಲಗೆ.

"ಬೇಡ ಅಂತ ಹೇಳಿದ್ದು ನಾನೇ. ಈಗ ಅದನ್ನು ಎತ್ತಿ ಆಡ್ಬೇಡಿ." ಅವಳು ಎದ್ದು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ನಡೆದಳು. "ಭರ್ತಿಕಾರನನ್ನು ತೆಗೀಬೇಕು. ಸರ್ವರು ನಿಲ್ಲಿಸಿ, ಎಲ್ಲಾ ಬೋಟುಗಳನ್ನು ಹೊಸದಾಗಿ ಕರೀಬೇಕು. ಯಾರು ಉತ್ತರ ಕೊಡ್ಲಿಲ್ಲವೋ ಅವರ ಜಾಗ ಖಾಲಿ ಬಿಡ್ಬೇಕು."

"ಖಾಲಿ." ಕಾಮತ್ ಆ ಮಾತನ್ನು ಬಾಯಲ್ಲಿಟ್ಟು ನೋಡಿದರು. "ಮೇಡಂ, ನಾನು ಅದೇ ಖಾಲಿಯಿಂದ ಹೆಣ ಎಣಿಸಿದವನು. ನಿಮ್ಮ ಅಪ್ಪನದ್ದೂ ಸೇರಿಸಿ. ಬಾಗಿಲು ತೆರೆದದ್ದು ಗೊತ್ತಾದ್ರೆ ಆ ಕೇಡಿಗರು ಅರ್ಧ ಗಳಿಗೆ ಕಾಯುವುದಿಲ್ಲ. ಹೊರಗೆ ಇಷ್ಟು ಬೋಟು ಉಂಟು, ಅವರ ಕತೆ?"

"ಗೊತ್ತಿಲ್ಲ."

"ಎಷ್ಟು ಹೊತ್ತು ತೆರೆದಿಡ್ಬೇಕು?"

"ಅದೂ ಗೊತ್ತಿಲ್ಲ ಕಾಮತರೇ."

ಕಾಮತ್ ಅವಳನ್ನೇ ನೋಡಿದರು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದರೂ ಆ ಮಾತನ್ನು ಅವಳ ಬಾಯಿಂದ ಅವರು ಕೇಳಿರಲಿಲ್ಲ. ಕೊನೆಗೆ ಅವರು, "ಕೀಲಿ ತನ್ನಿ. ನನ್ನದು ಇಲ್ಲೇ ಉಂಟು," ಎಂದರು.

ಭರ್ತಿಯ ಬುಡವನ್ನು ಮುಟ್ಟಬೇಕಾದರೆ ಎರಡು ಕೀಲಿಗಳು ಬೇಕು, ಒಂದು ಕಾಮತರದ್ದು, ಇನ್ನೊಂದು ಅವಳದ್ದು. ಇನ್ನೆಂದೂ ಬೇಕಾಗುವುದಿಲ್ಲವೆಂದು ಅವಳು ತನ್ನದನ್ನು ಮನೆಯ ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಳು.

ಮನೆಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಒಲೆಯ ಮೇಲೆ ಗಂಜಿ ಉಕ್ಕಿ ಆರಿಹೋಗಿತ್ತು, ಯಾರೂ ನೋಡಿರಲಿಲ್ಲ. ಜಗಲಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಾಡುತ್ತಿದ್ದವಳು ಗುಲಾಬಿ. ಅವಳ ಗಂಡ ಶೀನ ಜಯಕರನ ಬೋಟಿನ ಹಿರಿಯ ಕಲಾಸಿ. ಜಯಕರನಿಗೆ ಬಲೆ ಹಾಕಲು ಕಲಿಸಿದವನೂ ಅವನೇ.

"ಬೋಟು ಬಂದು ಒಂದು ದಿನ ಆಯ್ತಂತೆ! ಮನೆಗೆ ಬರ್ಲಿಕ್ಕೆ ಎಂತ ರೋಗ ಇವರಿಗೆ? ಗಡಂಗು ಗಡಂಗು ಹುಡುಕಿ ಬಂದೆ ನಾನು. ಮೂರು ಕಡೆ ಇಲ್ಲ. ಕುಡಿದು ಎಲ್ಲಿ ಬಿದ್ದಿದ್ದಾರೋ. ಈ ಸಲ ಬರ್ಲಿ, ಮನೆ ಒಳಗೆ ಬಿಡುವುದಿಲ್ಲ ನಾನು."

"ಗುಲಾಬಕ್ಕ, ಬೋಟೇ ಇಲ್ಲ ಅಂತ ಹೇಳಿದೆನಲ್ಲ," ಎಂದಳು ಪ್ರಮೀಳಾ. ಅವಳ ದನಿ ಬತ್ತಿಹೋಗಿತ್ತು.

"ಇಲ್ಲ ಅಂದ್ರೆ? ಇಲ್ಲಿ ನೋಡು, ಉಂಟಲ್ಲ!" ಗುಲಾಬಿ ಮೊಬೈಲನ್ನು ಅವಳ ಮುಖಕ್ಕೆ ಹಿಡಿದಳು. ಮತ್ತೆ ಹರಿಣಾಕ್ಷಿಯತ್ತ ತಿರುಗಿ, "ನೀವು ಓದಿದವರು, ನೀವೇ ಹೇಳಿ. ಇದು ಸುಳ್ಳು ಹೇಳ್ತದಾ?" ಎಂದು ಕೇಳಿದಳು.

ಹರಿಣಾಕ್ಷಿ ಕಪಾಟಿನ ಕಡೆಗೆ ಹೋಗುತ್ತಿದ್ದವಳು ನಿಂತಳು. ಗಂಡ ಕುಡಿದು ಬಿದ್ದಿದ್ದಾನೆಂಬ ಸಿಟ್ಟು ಗುಲಾಬಿಯ ಮುಖದಲ್ಲಿ ಧಗಧಗ ಉರಿಯುತ್ತಿತ್ತು. ಅದನ್ನು ಆರಿಸಲು ಹರಿಣಾಕ್ಷಿಗೆ ಧೈರ್ಯ ಬರಲಿಲ್ಲ. "ನೋಡ್ಲಿಕ್ಕೇ ಹೋಗ್ತಿದ್ದೇನೆ," ಎಂದಷ್ಟೇ ಹೇಳಿದಳು. ಕೀಲಿ ಹುಡುಕುವಾಗ ಕೈ ತಪ್ಪಿ ಸೀರೆಗಳೆಲ್ಲ ನೆಲಕ್ಕೆ ಬಿದ್ದವು. ಹಾಗೇ ಬಿಟ್ಟು ಓಡಿದಳು.

ಕೇಂದ್ರದಲ್ಲಿ ಕಾಮತ್ ಅಷ್ಟರಲ್ಲಿ ತಮ್ಮ ಕೈಲಾದದ್ದನ್ನು ಮಾಡಿದ್ದರು. ಹೊರಗಿನಿಂದ ಸರ್ವರಿಗೆ ಬರುವ ದಾರಿಗಳಲ್ಲಿ ಬೋಟುಗಳದೊಂದನ್ನು ಬಿಟ್ಟು ಉಳಿದೆಲ್ಲ ಮುಚ್ಚಿದ್ದರು. ದಾರಿದೀಪಗಳನ್ನು ಸರ್ವರಿನಿಂದ ಬಿಡಿಸಿ, ಅಳಿವೆಯ ಕಾವಲಿನವರಿಗೆ ಕೈಯಾರೆ ಹಚ್ಚಿಡಲು ಹೇಳಿದ್ದರು. ಕೀಲಿ ತಿರುಗಿಸುವ ಮೊದಲು ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು, ದೇವರ ಹೆಸರಿರಬೇಕು.

ಗೋಡೆಯ ಮೇಲಿನ ಚುಕ್ಕಿಗಳೆಲ್ಲ ನಿಂತವು. ಹರಿಣಾಕ್ಷಿ ಭರ್ತಿಕಾರನನ್ನು ಕಿತ್ತು ತೆಗೆದಳು. ತೆಗೆಯುವುದು ಸುಲಭ. ಅದರ ಜಾಗದಲ್ಲಿ ಏನು ಬರೆಯುವುದು? ಸುಮ್ಮನೆ ಬಿಟ್ಟರೆ ಉತ್ತರ ಕೊಡದ ಮೊದಲ ಬೋಟಿಗೇ ಸರ್ವರು ಹಳೆಯ ಕಾಲದಂತೆ ಕುಸಿಯುತ್ತದೆ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನೆ ನಿಂತುಬಿಟ್ಟವು. ಅಪ್ಪ ಹೋದ ಮೇಲೆ ಬೇಡವೇ ಬೇಡವೆಂದು ತನ್ನ ಭಾಷೆಯಿಂದ ಹೊರಗಟ್ಟಿದ್ದ ಆ ಒಂದು ಮಾತನ್ನು ಈಗ ಅವಳೇ ಕರೆದು ಕೂರಿಸಬೇಕಾಗಿತ್ತು. ಬರೆದಳು: ಇಲ್ಲದಿದ್ದರೆ, ಚುಕ್ಕಿ ಹಾಕಬೇಡ. 'ಎಲ್ಲಿದೆಯೋ ಗೊತ್ತಿಲ್ಲ' ಎಂದು ನಕ್ಷೆಯಲ್ಲೂ, ಮನೆಯವರ ಮೊಬೈಲಿಗೂ ಹೇಳು. ಆಮೇಲೆ ಮುಂದಿನ ಬೋಟಿಗೆ ಹೋಗು.

"ಇಷ್ಟೇ ಸಾಕಾ?" ಎಂದರು ಕಾಮತ್ ಹಿಂದಿನಿಂದ ಓದುತ್ತಾ.

"ಇಷ್ಟೇ. ಇಪ್ಪತ್ತು ವರ್ಷದ ಹಿಂದೆ ಬರೀಬೇಕಿತ್ತು."

ಸರ್ವರು ಎದ್ದಿತು, ಬೋಟುಗಳನ್ನು ಒಂದೊಂದಾಗಿ ಕರೆಯತೊಡಗಿತು. ಕೆಲವು ಚುಕ್ಕಿಗಳು ಮತ್ತೆ ಹತ್ತಿಕೊಂಡವು. ಹರಿಣಾಕ್ಷಿ ಕಾದಳು. ಇನ್ನೂ ಕೆಲವು ಹತ್ತಿಕೊಂಡವು. ಆಮೇಲೆ ನಿಂತಿತು. ಗೋಡೆಯ ಮೇಲಿನ ಸಮುದ್ರದ ಅರ್ಧಕ್ಕರ್ಧ ಖಾಲಿಯಾಗಿ ಬಿದ್ದಿತ್ತು.

"ಅಯ್ಯೋ ದೇವರೇ," ಎಂದರು ಕಾಮತ್. "ಇಷ್ಟೊಂದು ಬೋಟು ಮುಳುಗಿತಾ?"

ಹರಿಣಾಕ್ಷಿಗೂ ಒಂದು ಕ್ಷಣ ಜೀವ ಬಾಯಿಗೆ ಬಂತು. ಮರುಕ್ಷಣ ಹೊಳೆಯಿತು. ಇದು ಮೀನಿನ ಕಾಲ. ಅರ್ಧ ಕರಾವಳಿಯ ತಾಂಡೇಲರು ಪೆಟ್ಟಿಗೆ ಆರಿಸಿ ಕೂತಿದ್ದಾರೆ. ಮುಳುಗಿದವನೂ ಅಡಗಿದವನೂ ನಕ್ಷೆಗೆ ಒಂದೇ. ತಮ್ಮನನ್ನು ಹುಡುಕಲು ತೆರೆದ ಬಾಗಿಲಿನಲ್ಲಿ ಇಡೀ ಊರೇ ಕಾಣೆಯಾಗಿತ್ತು.

ಫೋನುಗಳು ಬಡಿದುಕೊಳ್ಳತೊಡಗಿದವು. ಉಪ್ಪುಂದ, ಗಂಗೊಳ್ಳಿ, ಉಳ್ಳಾಲ, ಎಲ್ಲ ಕಡೆಯಿಂದ ಅಳು, ಬೈಗುಳ. ಕಾಮತ್ ಎರಡು ಕಿವಿಗೆ ಎರಡು ಫೋನು ಹಿಡಿದರೂ ಕಣ್ಣನ್ನು ಸರ್ವರಿನ ಬಾಗಿಲಿನಿಂದ ತೆಗೆಯಲಿಲ್ಲ. ಅಲ್ಲಿ ಯಾರೋ ತಟ್ಟುತ್ತಿದ್ದರು. ಬೋಟಿನ ವೇಷ ಹಾಕಿದ ಸಂದೇಶಗಳು, ಒಳಗೆ ನೋಡಿದರೆ ಖಾಲಿ. ಸರ್ವರು ಒಂದನ್ನು ಬಿಡಿಸಿ ನೋಡಿ, 'ಗೊತ್ತಿಲ್ಲ' ಎಂದು ಪಕ್ಕಕ್ಕಿಟ್ಟು ಮುಂದೆ ಹೋಯಿತು. ಎರಡನೆಯದನ್ನೂ ಹಾಗೇ ಮಾಡಿತು. ಕಾಮತರ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಬೀಳ್ಲಿಲ್ಲ ಮೇಡಂ," ಎಂದರು, ತಮ್ಮ ಮಾತನ್ನು ತಾವೇ ನಂಬದವರ ಹಾಗೆ. "ಖಾಲಿ ಕೊಟ್ಟರೂ ಬೀಳ್ಲಿಲ್ಲ."

ಅಷ್ಟರಲ್ಲಿ ಪ್ರಮೀಳಾಳ ಫೋನು ಬಂತು. ಹಿಂದೆ ಹೆಂಗಸರ ಗಲಾಟೆ. "ಅಕ್ಕ, ಎಲ್ಲರದ್ದೂ ಹೋಗಿದೆ ಅಂತ ಇಲ್ಲಿ ಬೊಬ್ಬೆ! ಎಂತ ಮಾಡುದು?"

"ಪ್ರಮೀಳಾ, ಸರಿಯಾಗಿ ಕೇಳು. ಅವರು ಹೋದದ್ದಲ್ಲ, ಪೆಟ್ಟಿಗೆ ಆರಿಸಿದ್ದು. ಅವರ ವೈರ್‌ಲೆಸ್ ಉಂಟಲ್ಲ, ನಾವು ಕರೆದ್ರೆ ಯಾರೂ ಎತ್ತುವುದಿಲ್ಲ, ಪೆಟ್ಟಿಗೆ ಆರಿಸಿದ್ದಕ್ಕೆ ದಂಡ ಹಾಕ್ತೇವೆ ಅಂತ. ನೀವು ಕರೀರಿ. ಪೆಟ್ಟಿಗೆ ಹಚ್ಚಿಸಿ. ಯಾರು ಹಚ್ಚುವುದಿಲ್ಲವೋ ಅವರನ್ನು ಮಾತ್ರ ನಾವು ಹುಡುಕ್ಬೇಕು."

ದಕ್ಕೆಯ ಮೂಲೆಯಲ್ಲಿ ಬೋಟಿನವರ ಸಂಘದ ವೈರ್‌ಲೆಸ್ ಕೋಣೆಯಿತ್ತು. ಹೆಂಗಸರು ಅಲ್ಲಿಗೆ ನುಗ್ಗಿದರು. ಕೇಂದ್ರದಲ್ಲಿ ಕಾಮತ್ ಆ ಅಲೆಯನ್ನು ಹಿಡಿದು ದೊಡ್ಡದು ಮಾಡಿದರು. ಕೋಣೆ ತುಂಬ ದಕ್ಕೆಯ ಹೆಂಗಸರ ದನಿ. "ಕೇಳ್ತದಾ? ಪೆಟ್ಟಿಗೆ ಹಚ್ಚಿ ಈಗ್ಲೇ! ಇಲ್ಲಿ ನಾನು ಬೊಬ್ಬೆ ಹೊಡೆದು ಸಾಯ್ತಾ ಇದ್ದೇನೆ, ನಿಮಗೆ ಬೂತಾಯಿ ಮೀನು ದೊಡ್ಡದಾಯ್ತಾ?" ಅತ್ತಲಿಂದ ಗರಗರ ದನಿಯೊಂದು, "ಜಾಗ ಗೊತ್ತಾಗ್ತದೆ ಮಾರಾಯ್ತಿ," ಎಂದು ಗೋಗರೆಯಿತು. "ಗೊತ್ತಾಗ್ಲಿ! ಹಚ್ಚದಿದ್ರೆ ಇವತ್ತಿಗೆ ನಿಮಗೂ ನನಗೂ ಮುಗೀತು," ಎಂದಳು ಅವಳು.

ಒಂದು ಚುಕ್ಕಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಸಾಲಾಗಿ, ಗುಂಪಾಗಿ. ಅಪ್ಪನಿಂದ ಮಗ ಕಲಿತು ಯಾರಿಗೂ ಹೇಳದೆ ಬಚ್ಚಿಟ್ಟ ಮೀನಿನ ಜಾಗಗಳೆಲ್ಲ ಗೋಡೆಯ ಮೇಲೆ ಬಟಾಬಯಲಾದವು. ಕಾಮತ್ ಬಾಯಿ ತೆರೆದು ನೋಡುತ್ತಿದ್ದರು. ಹರಿಣಾಕ್ಷಿ ನೋಡುತ್ತಿದ್ದದ್ದು ಪೆಟ್ಟಿಗೆ ಹಚ್ಚದವರ ಹೆಸರುಗಳನ್ನು. ಅವು ಕಡಿಮೆಯಾಗುತ್ತಾ ಬಂದು, ಕೊನೆಗೆ ಒಂದೇ ಉಳಿಯಿತು.

'ಕಡಲಸಿರಿ. ಎಲ್ಲಿದೆಯೋ ಗೊತ್ತಿಲ್ಲ.'

ಅದನ್ನು ತಾನೇ ಬರೆದಿದ್ದರೂ ಓದಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಕಾಮತ್ ವೈರ್‌ಲೆಸ್ ಎತ್ತಿಕೊಂಡರು. "ದಂಡ ಇಲ್ಲ, ಕೇಸಿಲ್ಲ. ಜಯಕರನ ಬೋಟನ್ನು ಯಾರಾದ್ರೂ ಕಂಡದ್ದುಂಟಾ?"

ಗರಗರ ಸದ್ದಿನ ನಡುವೆ ಗಂಗೊಳ್ಳಿಯ ತಾಂಡೇಲನೊಬ್ಬ, ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ, ಬಾಯಿ ಬಿಟ್ಟ. "ನಾನು ಕಂಡಿದ್ದೆ. ನನ್ನ ಜಾಗದ ಪಡುವಣಕ್ಕೆ ಅವನು ಬಲೆ ಬಿಟ್ಟಿದ್ದ. ಇಬ್ಬರೂ ಪೆಟ್ಟಿಗೆ ಆರಿಸಿದ್ದೆವು. ಮರುದಿನ ಗಾಳಿ ಜೋರು. ಗಾಳಿ ನಿಂತ ಮೇಲೆ ನೋಡಿದ್ರೆ ಅವನಿಲ್ಲ. ನಕ್ಷೆಯಲ್ಲಿ ನೋಡಿದೆ, ಊರಿಗೆ ಹೋಗ್ತಾ ಉಂಟು ಅಂತ ಇತ್ತು. ನಾನು ಸುಮ್ಮನಾದೆ."

ಗಾಳಿ ಯಾವ ಕಡೆಗೆ, ನೀರಿನ ಸೆಳೆತ ಯಾವ ಕಡೆಗೆ, ಲೆಕ್ಕ ಹಾಕಲು ಈಗ ಒಂದು ನಿಜದ ಜಾಗ ಸಿಕ್ಕಿತ್ತು. ವಿಮಾನಗಳು ಹಾರಿದವು. ಅವುಗಳ ಹಿಂದೆಯೇ, ಯಾರೂ ಹೇಳದಿದ್ದರೂ, ಹತ್ತಿರದ ಬೋಟುಗಳೆಲ್ಲ ಬಲೆ ಎತ್ತಿ ಆ ಕಡೆಗೆ ತಿರುಗಿದ್ದು ಗೋಡೆಯ ಮೇಲೆ ಕಾಣುತ್ತಿತ್ತು.

ಬೋಟು ಸಿಕ್ಕಿದ್ದು ಮರುದಿನ ಬಿಸಿಲೇರಿದ ಮೇಲೆ. ಇಂಜಿನು ಕೋಣೆಗೆ ನೀರು ತುಂಬಿ, ಮೂತಿ ಮಾತ್ರ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಅದರ ಮೇಲೆ ಆರು ಜನ ಜೀವಂತ ಇದ್ದರು.

ಆಸ್ಪತ್ರೆಯಲ್ಲಿ ಜಯಕರನ ತುಟಿ ಒಡೆದು, ಮುಖದ ಚರ್ಮ ಸುಲಿದಿತ್ತು. ಪ್ರಮೀಳಾ ಅವನ ಕೈ ಬಿಡದೆ ಕೂತಿದ್ದಳು. ಡ್ರಿಪ್ಪು ಮುಗಿದಿದೆಯೆಂದು ನರ್ಸಿಗೆ ಹೇಳಲು ಅವಳು ಹೊರಗೆ ಹೋದಾಗ ಅವನು ಅಕ್ಕನತ್ತ ತಿರುಗಿದ.

"ಪೆಟ್ಟಿಗೆ, ವೈರ್‌ಲೆಸ್, ಎಲ್ಲಾ ನೀರಲ್ಲಿ ಹೋಯ್ತು. ನನ್ನ ಮೊಬೈಲೊಂದು ಉಳಿದಿತ್ತು. ಸೋಲಾರ್ ಟಾರ್ಚಿಗೆ ಸಿಕ್ಕಿಸಿ ಚಾರ್ಜ್ ಮಾಡಿದೆ. ನಡು ಕಡಲಲ್ಲಿ ಅದು ಮಾತಾಡುವುದಿಲ್ಲ, ನಿಮ್ಮ ನಕ್ಷೆ ಮಾತ್ರ ಮೇಲಿನಿಂದ ಬರ್ತದಲ್ಲ, ಅದನ್ನು ತೋರಿಸ್ತದೆ."

ಹರಿಣಾಕ್ಷಿಯ ಎದೆ ಧಸಕ್ಕೆಂದಿತು. ಉಪಗ್ರಹದಿಂದ ಆ ನಕ್ಷೆ ಕಡಲಿನ ಎಲ್ಲ ಮೊಬೈಲುಗಳಿಗೂ ಹೋಗುತ್ತದೆ. ಅದು ಇಷ್ಟು ಹೊತ್ತು ಅವಳ ತಲೆಗೆ ಬಂದೇ ಇರಲಿಲ್ಲ.

"ನಾವು ಊರಿಗೆ ಹೋಗುವುದನ್ನು ನಾವೇ ಕೂತು ನೋಡಿದೆವು ಅಕ್ಕ. ದಿನಾ ಸ್ವಲ್ಪ ಸ್ವಲ್ಪ. ದಕ್ಕೆ ಮುಟ್ಟಿತು. ಕ್ಷೇಮವಾಗಿ ತಲುಪಿದೆ ಅಂತ ಬಂತು. ಇನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಶೀನಣ್ಣ ಅದನ್ನು ಎರಡು ಸಲ ಓದಿಸಿದ. 'ಮುಟ್ಟಿತಲ್ಲ, ಸರಿ,' ಅಂದ. ತನ್ನ ಪಾಲಿನ ನೀರು ಚಿಕ್ಕವರಿಗೆ ಕೊಟ್ಟು ಮಲಗಿದ. ಮತ್ತೆ ಏಳ್ಲಿಲ್ಲ."

ಹರಿಣಾಕ್ಷಿ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಮೇಲೆ ನಿನ್ನೆ ಒಮ್ಮೆಲೇ ಚುಕ್ಕಿ ಹೋಯ್ತು. ಗೊತ್ತಿಲ್ಲ ಅಂತ ಬಂತು. ನಾವು ಎದ್ದು ಕೂತೆವು ಅಕ್ಕ, ಕುಣಿಯುವುದೊಂದು ಬಾಕಿ. ಅರ್ಧ ದಿನ ಮುಂಚೆ ಬಂದಿದ್ರೆ ಶೀನಣ್ಣನೂ ಏಳ್ತಿದ್ದ." ಅವನು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. "ಹುಡುಗರು ಬೈತಾ ಇದ್ರು, ಯಾವನು ಇದನ್ನು ಬರೆದದ್ದು ಅಂತ. ಅದು ನನ್ನ ಅಕ್ಕ ಅಂತ ನಾನು ಹೇಳ್ಲಿಲ್ಲ. ನೀನೂ 'ನಾನೇ' ಅಂತ ಯಾರ ಹತ್ರವೂ ಹೇಳ್ಬೇಡ."

ಪ್ರಮೀಳಾ ನರ್ಸನ್ನು ಕರೆದುಕೊಂಡು ಒಳಗೆ ಬಂದಳು. ಹರಿಣಾಕ್ಷಿ ಎದ್ದು ಹೊರಗೆ ನಡೆದಳು. ಕಾರಿಡಾರಿನ ಬೆಂಚಿನಲ್ಲಿ ಗುಲಾಬಿ ಒಬ್ಬಳೇ ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಗಡಂಗು ಗಡಂಗು ಹುಡುಕಿದ್ದನ್ನು, ಮನೆಯೊಳಗೆ ಬಿಡುವುದಿಲ್ಲವೆಂದದ್ದನ್ನು ಹೋದವರು ಬಂದವರಿಗೆಲ್ಲ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ತಪ್ಪು ತನ್ನದೇ ಎಂಬಂತೆ ಹೇಳುತ್ತಿದ್ದಳು.

ಹರಿಣಾಕ್ಷಿ ಅವಳ ಪಕ್ಕದಲ್ಲಿ ಕೂತಳು.

"ಗುಲಾಬಕ್ಕ," ಎಂದಳು. "ಅದು ಸುಳ್ಳು ಹೇಳ್ತದಾ ಅಂತ ನೀವು ನಿನ್ನೆ ನನ್ನ ಹತ್ರ ಕೇಳಿದ್ರಿ. ಹೌದು, ಹೇಳ್ತದೆ. ಅದಕ್ಕೆ ಸುಳ್ಳು ಕಲಿಸಿದ್ದು ನಾನು."